ತೌಲನಿಕ ಸಾಹಿತ್ಯದ ಎಂ.ಎ. ಬಾಗಿಲಲ್ಲಿ

ಪರೀಕ್ಷೆ ಬೇಡ ಎಂದು ವಿದ್ಯಾರ್ಥಿಗಳು ಧರಣಿ ಕೂರುವುದು ನಮ್ಮಲ್ಲಿ ಹೊಸದಲ್ಲ. ಪರೀಕ್ಷೆ ಬೇಕೇ ಬೇಕು ಎಂದು ಉಪವಾಸ ಕೂರುವುದು ಮಾತ್ರ ಅಪರೂಪ. 2018ರ ಜುಲೈಯಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ ಆರು ಕಲಾ ವಿಷಯಗಳ ಬಿ.ಎ. ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟು, ಹನ್ನೆರಡನೇ ತರಗತಿಯ ಅಂಕಗಳ ಮೇಲೆಯೇ ಸೀಟು ಹಂಚಲು ಹೊರಟಿತು. ವಿದ್ಯಾರ್ಥಿಗಳು ಅನಿರ್ದಿಷ್ಟಾವಧಿ ಉಪವಾಸಕ್ಕೆ ಕೂತರು. ಅಧ್ಯಾಪಕರಲ್ಲೂ ಹಲವರು ಅವರ ಬೆನ್ನಿಗೆ ನಿಂತರು. ಜುಲೈ 10ರಂದು ಆಡಳಿತ ಮಂಡಳಿ ಪರೀಕ್ಷೆಯನ್ನು ವಾಪಸು ತಂದಿತು. ಆ ಆರರಲ್ಲಿ ಇಂಗ್ಲಿಷ್, ಬಂಗಾಳಿ, ಇತಿಹಾಸ, ತತ್ವಶಾಸ್ತ್ರ, ರಾಜ್ಯಶಾಸ್ತ್ರಗಳ ಜತೆಗೆ ತೌಲನಿಕ ಸಾಹಿತ್ಯವೂ ಇತ್ತು. ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಸಾಹಿತ್ಯ ಓದುವ ಕಣ್ಣಿದೆಯೋ ಇಲ್ಲವೋ ಎಂಬುದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು ಎಂಬುದು ಅಲ್ಲಿ ಕೂತವರ ವಾದವಾಗಿತ್ತು.

ಎಂ.ಎ. ಮಟ್ಟಕ್ಕೆ ಬಂದರೆ ಆ ವಾದ ಇನ್ನಷ್ಟು ಜಟಿಲ. ಭೌತಶಾಸ್ತ್ರದ ಎಂ.ಎಸ್ಸಿ. ಬಯಸುವವರ ಹಿಂದೆ ಮೂರು ವರ್ಷದ ಭೌತಶಾಸ್ತ್ರ ಇರುತ್ತದೆ. ತೌಲನಿಕ ಸಾಹಿತ್ಯದ ಎಂ.ಎ.ಗೆ ಅರ್ಜಿ ಹಾಕುವವರಲ್ಲಿ ಹೆಚ್ಚಿನವರು ಆ ವಿಷಯವನ್ನು ತರಗತಿಯಲ್ಲಿ ಓದಿಯೇ ಇರುವುದಿಲ್ಲ. ಐಚ್ಛಿಕ ಕನ್ನಡ ಓದಿದವರು, ಇಂಗ್ಲಿಷ್ ಆನರ್ಸ್ ಮಾಡಿದವರು, ಸಂಸ್ಕೃತದವರು, ಪತ್ರಿಕೋದ್ಯಮದವರು, ಎಂಜಿನಿಯರಿಂಗ್ ಮುಗಿಸಿ ಮನಸ್ಸು ಬದಲಾದವರು ಎಲ್ಲರೂ ಒಂದೇ ಬಾಗಿಲಿಗೆ ಬರುತ್ತಾರೆ. ಇವರೆಲ್ಲರಿಗೂ ಸಮನಾದ ಪ್ರಶ್ನೆಪತ್ರಿಕೆ ತಯಾರಿಸುವುದು ಸುಲಭವಲ್ಲ. ಅದಕ್ಕೆ ಸಿದ್ಧರಾಗುವುದೂ ಸುಲಭವಲ್ಲ, ಏಕೆಂದರೆ ಮಾರುಕಟ್ಟೆಯ ಗೈಡುಗಳು, ಕೋಚಿಂಗ್ ನೋಟ್ಸುಗಳೆಲ್ಲ ಬಹುತೇಕ ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆಂದು ಬರೆದವು. ಚಾಸರನಿಂದ ಎಲಿಯಟ್‌ವರೆಗಿನ ಇಸವಿಗಳನ್ನು ಉರು ಹೊಡೆದು ಬಂದವರು ಇಲ್ಲಿ ಅರ್ಧ ದಾರಿಯನ್ನಷ್ಟೇ ಸವೆಸಿರುತ್ತಾರೆ.

ಭಾರತದಲ್ಲಿ ಈ ವಿಷಯಕ್ಕೆ ಮೊದಲ ವಿಭಾಗ ಬಂದದ್ದು 1956ರಲ್ಲಿ, ಜಾದವಪುರದಲ್ಲೇ. ಕಟ್ಟಿದವರು ಬಂಗಾಳಿ ಕವಿ ಬುದ್ಧದೇವ ಬಸು. ಬೋದಿಲೇರನನ್ನೂ ಕಾಳಿದಾಸನ ಮೇಘದೂತವನ್ನೂ ಬಂಗಾಳಿಗೆ ತಂದ ಮನುಷ್ಯ ಅವರು. ಅದಕ್ಕೂ ಅರ್ಧ ಶತಮಾನ ಮೊದಲು, 1907ರಲ್ಲಿ, ರಾಷ್ಟ್ರೀಯ ಶಿಕ್ಷಣ ಪರಿಷತ್ತಿನ ವೇದಿಕೆಯಲ್ಲಿ ರವೀಂದ್ರನಾಥ ಠಾಕೂರರು ವಿಶ್ವಸಾಹಿತ್ಯದ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅದೇ ಪರಿಷತ್ತು ಮುಂದೆ ಜಾದವಪುರ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಪರೀಕ್ಷೆಗೆ ಕೂರುವವರು ಈ ಎರಡು ಇಸವಿಗಳನ್ನು ಕಂಠಪಾಠ ಮಾಡುವುದಂತೂ ಸರಿ. ಆದರೆ ಅವೆರಡರ ನಡುವಿನ ನಂಟು ತಿಳಿದವರಿಗೆ ಉತ್ತರ ಬರೆಯುವಾಗ ಕೈ ಸಲೀಸಾಗಿ ಓಡುತ್ತದೆ.

ಈಗ ಈ ಓದು ಜಾದವಪುರದ ಸ್ವತ್ತಾಗಿ ಉಳಿದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಆಧುನಿಕ ಭಾರತೀಯ ಭಾಷೆಗಳ ವಿಭಾಗದಲ್ಲಿ ತೌಲನಿಕ ಭಾರತೀಯ ಸಾಹಿತ್ಯ ಎಂಬ ಎಂ.ಎ. ಇದೆ. ಶಿಶಿರಕುಮಾರ ದಾಸ್ ಪಾಠ ಹೇಳಿದ ವಿಭಾಗ ಅದು, ಕನ್ನಡದ ವಿದ್ವಾಂಸ ಟಿ.ಎಸ್. ಸತ್ಯನಾಥ್ ಅಧ್ಯಾಪಕರಾಗಿದ್ದದ್ದೂ ಅಲ್ಲೇ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 1988ರಿಂದ ಪ್ರತ್ಯೇಕ ಕೇಂದ್ರವಿದೆ. ಶಾಂತಿನಿಕೇತನದ ವಿಶ್ವಭಾರತಿ, ಗುಜರಾತ್ ಕೇಂದ್ರೀಯ ವಿಶ್ವವಿದ್ಯಾಲಯ, ರಷ್ಯನ್ ಭಾಷೆಯ ಜತೆ ಒಂದೇ ವಿಭಾಗವಾಗಿ ಇದನ್ನು ಕಲಿಸುವ ಕೇರಳದ ಕಲ್ಲಿಕೋಟೆ ವಿಶ್ವವಿದ್ಯಾಲಯ, ದ್ರಾವಿಡ ಭಾಷೆಗಳನ್ನೇ ಹೋಲಿಸಲೆಂದು ವಿಭಾಗವಿಟ್ಟಿರುವ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ ಪಟ್ಟಿಯಲ್ಲಿವೆ. ಕನ್ನಡಿಗರಿಗೆ ತೀರ ಹತ್ತಿರದ್ದು ಕಾಸರಗೋಡಿನ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ. ಕನ್ನಡ, ತುಳು, ಮಲಯಾಳ ಮೂರೂ ಒಂದೇ ಬಸ್ಸಿನಲ್ಲಿ ಕಿವಿಗೆ ಬೀಳುವ ಜಿಲ್ಲೆಯಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯದ ವಿಭಾಗವಿರುವುದು ಎಷ್ಟು ಸಹಜವಾದದ್ದು! ಕರ್ನಾಟಕದ ಒಳಗೆ ಈ ವಿಷಯ ಹೆಚ್ಚಾಗಿ ಕನ್ನಡ ಎಂ.ಎ.ಯ ಒಂದು ಪತ್ರಿಕೆಯಾಗಿ, ತೌಲನಿಕ ಕಾವ್ಯಮೀಮಾಂಸೆ ಎಂಬ ಹೆಸರಲ್ಲಿ ಬದುಕಿದೆ.

ಪ್ರವೇಶದ ದಾರಿ ಎರಡು ಕವಲಾಗಿದೆ. ಒಂದು, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ 2022ರಿಂದ ನಡೆಸುತ್ತಿರುವ ಸಿಯುಇಟಿ-ಪಿಜಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಸೀಟುಗಳು ಬಹುಪಾಲು ಇದರ ಮೂಲಕವೇ ತುಂಬುತ್ತವೆ. ದೆಹಲಿ ವಿಶ್ವವಿದ್ಯಾಲಯ ಸ್ನಾತಕೋತ್ತರ ಪ್ರವೇಶಕ್ಕೆ ಇದನ್ನು ಒಪ್ಪಿಕೊಂಡದ್ದು 2023ರಲ್ಲಿ. ಇನ್ನೊಂದು, ಜಾದವಪುರದಂಥ ರಾಜ್ಯ ವಿಶ್ವವಿದ್ಯಾಲಯಗಳು ತಮ್ಮದೇ ಪದ್ಧತಿಯಲ್ಲಿ ನಡೆಸುವ ಆಯ್ಕೆ. ಅಲ್ಲಿ ಪೆನ್ನು ಹಿಡಿದು ಬರೆಯುವುದಕ್ಕೆ ಇನ್ನೂ ಬೆಲೆ ಇದೆ. ಈ ಎರಡು ದಾರಿಗಳು ಅಳೆಯುವುದು ಎರಡು ಬೇರೆ ಬೇರೆ ಶಕ್ತಿಗಳನ್ನು. ಒಂದಕ್ಕೆ ಮಾಡಿದ ತಯಾರಿ ಇನ್ನೊಂದಕ್ಕೆ ಸಾಲದು ಎಂಬುದು ಅರ್ಜಿ ಹಾಕುವವರಲ್ಲಿ ಅನೇಕರಿಗೆ ಹಾಲ್ ಟಿಕೆಟ್ ಕೈಗೆ ಬಂದ ಮೇಲೆಯೇ ಹೊಳೆಯುವುದು.

ಸಿಯುಇಟಿ-ಪಿಜಿಯ ಲೆಕ್ಕ ಸರಳ. 2022ರಲ್ಲಿ 100 ಪ್ರಶ್ನೆಗಳಿದ್ದವು. 2024ರಲ್ಲಿ ಅದು 75ಕ್ಕೆ ಇಳಿದು 105 ನಿಮಿಷದ ಪರೀಕ್ಷೆಯಾಯಿತು. 2025ರಲ್ಲಿ ಅದೇ 75 ಪ್ರಶ್ನೆಗೆ 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ 72 ಸೆಕೆಂಡು. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ನೆಗೆಟಿವ್ ಮಾರ್ಕಿಂಗ್ ಎಂದಾಕ್ಷಣ ಬೆದರಿ ಖಾಲಿ ಬಿಡುವವರು ಒಂದು ಲೆಕ್ಕ ಹಾಕಿ ನೋಡಬೇಕು: ನಾಲ್ಕು ಆಯ್ಕೆಗಳಲ್ಲಿ ಒಂದನ್ನಾದರೂ ಖಚಿತವಾಗಿ ತಳ್ಳಿಹಾಕಬಲ್ಲವರಿಗೆ ಉಳಿದ ಮೂರರಲ್ಲಿ ಊಹಿಸುವುದು ಸರಾಸರಿಯಲ್ಲಿ ಲಾಭದ ವ್ಯವಹಾರ. ಕುರುಡು ಊಹೆಯೂ ಸರಾಸರಿಯಲ್ಲಿ ನಷ್ಟ ತರುವುದಿಲ್ಲ. ಯಾವ ವಿಶ್ವವಿದ್ಯಾಲಯ ಯಾವ ಪತ್ರಿಕೆಯ ಅಂಕವನ್ನು ಒಪ್ಪುತ್ತದೆ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲೇ ನೋಡಬೇಕು. ಸೀನಿಯರ್ ಹೇಳಿದ್ದು, ಹಿಂದಿನ ವರ್ಷದ್ದು ಎಂದು ನಂಬಿ ಕೂತರೆ ಕೆಟ್ಟಂತೆ.

ಈ ವ್ಯವಸ್ಥೆಯಲ್ಲಿ ಕನ್ನಡ ಮಾಧ್ಯಮದವರಿಗೆ ಆಗಿರುವ ಪೆಟ್ಟಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಪದವಿ ಪ್ರವೇಶದ ಸಿಯುಇಟಿ ಕನ್ನಡ ಸೇರಿ 13 ಭಾಷೆಗಳಲ್ಲಿ ನಡೆಯುತ್ತದೆ. ಸ್ನಾತಕೋತ್ತರ ಪರೀಕ್ಷೆ ಮಾತ್ರ, ಭಾಷಾ ಪತ್ರಿಕೆಗಳನ್ನು ಬಿಟ್ಟರೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ. ಹಲವು ಭಾಷೆಗಳ ಸಾಹಿತ್ಯವನ್ನು ಜತೆಗಿಟ್ಟು ಓದುವುದೇ ತನ್ನ ಧರ್ಮ ಎಂದು ಹೇಳಿಕೊಳ್ಳುವ ಶಿಸ್ತಿಗೆ ಎರಡೇ ಭಾಷೆಗಳ ಹೊಸ್ತಿಲು! ಹಾವೇರಿಯಲ್ಲೋ ಯಾದಗಿರಿಯಲ್ಲೋ ಐಚ್ಛಿಕ ಕನ್ನಡ ಓದಿದ ಹುಡುಗಿಗೆ ಪಂಪ, ರನ್ನ, ವಚನ, ಕುಮಾರವ್ಯಾಸ ಎಲ್ಲ ಗೊತ್ತಿರುತ್ತದೆ. ಆದರೆ ಪರದೆಯ ಮೇಲೆ ಬರುವ ನಾಲ್ಕು ಆಯ್ಕೆಗಳ ಇಂಗ್ಲಿಷ್ ಪರಿಭಾಷೆ ಅವಳಿಗೆ ಪರಕೀಯ. ಒಂದು ಮಾತನ್ನು ಒಪ್ಪಲೇಬೇಕು. ಪ್ರವೇಶ ಪರೀಕ್ಷೆ ಬರೆಯಲು ಕೋಲ್ಕತ್ತಕ್ಕೋ ದೆಹಲಿಗೋ ರೈಲು ಹತ್ತಬೇಕಿದ್ದ ಕಾಲಕ್ಕಿಂತ, ರಾಜ್ಯದೊಳಗಿನ ಊರಿನ ಕೇಂದ್ರದಲ್ಲಿ ಕೂತು ಒಂದೇ ಪರೀಕ್ಷೆಯಿಂದ ಹಲವು ವಿಶ್ವವಿದ್ಯಾಲಯಗಳ ಬಾಗಿಲು ತಟ್ಟುವುದು ಬಡ ಮನೆಯ ಮಕ್ಕಳಿಗೆ ಎಷ್ಟೋ ವಾಸಿ.

ಇನ್ನು ಓದಬೇಕಾದದ್ದೇನು? ಬಹು ಆಯ್ಕೆಯ ಪ್ರಶ್ನೆಗಳಿಗೆ ಶಿಸ್ತಿನ ಇತಿಹಾಸ ಅನಿವಾರ್ಯ. ಗಯಟೆ 1827ರ ಜನವರಿ 31ರಂದು, ಚೀನೀ ಕಾದಂಬರಿಯೊಂದನ್ನು ಓದುತ್ತಿದ್ದ ದಿನಗಳಲ್ಲಿ, ತನ್ನ ಆಪ್ತ ಎಕರ್‌ಮನ್ ಜತೆ ವಿಶ್ವಸಾಹಿತ್ಯದ ಬಗ್ಗೆ ಆಡಿದ ಮಾತು; 1886ರಲ್ಲಿ ಪಾಸ್ನೆಟ್ ಬರೆದ ಪುಸ್ತಕ; 1931ರ ವಾನ್ ಟೀಗೆಮ್; 1958ರಲ್ಲಿ ರೆನೆ ವೆಲೆಕ್ ಈ ಶಿಸ್ತಿನ ಬಿಕ್ಕಟ್ಟಿನ ಬಗ್ಗೆ ಮಾಡಿದ ಭಾಷಣ; 1993ರಲ್ಲಿ ಸೂಸನ್ ಬ್ಯಾಸ್ನೆಟ್; 2003ರಲ್ಲಿ ಒಂದೇ ವರ್ಷ ಬಂದ ಗಾಯತ್ರಿ ಸ್ಪಿವಾಕ್ ಮತ್ತು ಡೇವಿಡ್ ಡ್ಯಾಮ್‌ರಾಶ್ ಪುಸ್ತಕಗಳು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡರೆ ಹಲವು ಪ್ರಶ್ನೆಗಳು ಸಲೀಸು.

ಆದರೆ ಹಾಳೆ ಸುಳ್ಳು ಹೇಳುವ ಜಾಗವೂ ಇದೇ. ನೋಟ್ಸುಗಳಲ್ಲಿ ಫ್ರೆಂಚ್ ಪಂಥವೆಂದರೆ ಪ್ರಭಾವದ ಅಧ್ಯಯನ, ಅಮೆರಿಕನ್ ಪಂಥವೆಂದರೆ ಪ್ರಭಾವವಿಲ್ಲದ ಸಾಮ್ಯಗಳ ಅಧ್ಯಯನ ಎಂದು ಎರಡು ಕಾಲಂ ಎಳೆದಿರುತ್ತಾರೆ. ಅಮೆರಿಕನ್ ಪಂಥದ ಮುಂದಾಳು ಎನಿಸಿಕೊಂಡ ವೆಲೆಕ್ ವಿಯೆನ್ನಾದಲ್ಲಿ ಹುಟ್ಟಿ ಪ್ರಾಗ್‌ನಲ್ಲಿ ಓದಿ 1939ರಲ್ಲಿ ಅಮೆರಿಕಕ್ಕೆ ಹೋದವನು. ಫ್ರೆಂಚ್ ಪಂಥವನ್ನು ಕಟುವಾಗಿ ಝಾಡಿಸಿದವರಲ್ಲಿ ಒಬ್ಬ ಎತಿಯಾಂಬ್ಲ್, 1963ರಲ್ಲಿ, ಆತ ಫ್ರಾನ್ಸಿನವನೇ. ಹಾಗಾದರೆ ಪಂಥ ಎಂಬುದು ಊರಿನ ಹೆಸರೋ ವಿಧಾನದ ಹೆಸರೋ? 72 ಸೆಕೆಂಡಿನ ಪರೀಕ್ಷೆಯಲ್ಲಿ ಈ ಅನುಮಾನ ಬಂದರೆ ಅಂಕ ಹೋಗುತ್ತದೆ. ಬರವಣಿಗೆಯ ಪರೀಕ್ಷೆಯಲ್ಲಿ ಬಾರದಿದ್ದರೆ ಅಂಕ ಹೋಗುತ್ತದೆ. ಹಾಗಾಗಿ ಎರಡೂ ಪರೀಕ್ಷೆಗೆ ಕೂರುವವರು ಕಾಲಂ ಎಳೆದ ಹಾಳೆಯನ್ನೂ ಇಟ್ಟುಕೊಳ್ಳಬೇಕು, ಅದನ್ನು ಪೂರ್ತಿ ನಂಬಲೂಬಾರದು.

ಬರವಣಿಗೆಯ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಎರಡು ಕೃತಿಗಳನ್ನು ಹೋಲಿಸಿ ಎಂದರೆ ಮೊದಲ ಪುಟದಲ್ಲಿ ಒಂದರ ಕಥೆ, ಎರಡನೇ ಪುಟದಲ್ಲಿ ಇನ್ನೊಂದರ ಕಥೆ, ಕೊನೆಯ ನಾಲ್ಕು ಸಾಲಿನಲ್ಲಿ ಸಾಮ್ಯವೂ ಇದೆ, ವ್ಯತ್ಯಾಸವೂ ಇದೆ ಎಂಬ ತೀರ್ಪು. ಪರೀಕ್ಷಕರಿಗೆ ಇದರಿಂದ ತಿಳಿಯುವುದು ಅಭ್ಯರ್ಥಿಗೆ ಎರಡು ಕಥೆ ಗೊತ್ತು ಎಂಬುದಷ್ಟೇ.

ಕನ್ನಡದ ಓದುಗರಿಗೆ ಪರಿಚಿತವಾದ ಒಂದು ವಸ್ತುವನ್ನೇ ಹಿಡಿದು ನೋಡಬಹುದು: ಸೋತ ವೀರ. ಭಾಸನ ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನನ ಬಳಿಗೆ ಮಗ ದುರ್ಜಯ ಬರುತ್ತಾನೆ. ಎಂದಿನಂತೆ ಅಪ್ಪನ ತೊಡೆ ಏರಲು ನೋಡುತ್ತಾನೆ, ಏರಲು ತೊಡೆಯೇ ಇಲ್ಲ. ಸಾಫೋಕ್ಲೀಸನ ಏಜಾಕ್ಸ್ ನಾಟಕದಲ್ಲಿ ಅವಮಾನದಿಂದ ಬುದ್ಧಿಭ್ರಮಣೆಯಾಗಿ ದನಕುರಿಗಳನ್ನು ಕೊಂದ ವೀರ, ಮೈತಿಳಿದ ಮೇಲೆ, ಸಾಯಲು ನಿರ್ಧರಿಸಿ ಎಳೆಯ ಮಗ ಯೂರಿಸಾಕೀಸನನ್ನು ಕರೆಸಿಕೊಂಡು ಮಾತಾಡುತ್ತಾನೆ. ಸೋತ ತಂದೆ, ಸೋಲು ಅರ್ಥವಾಗದ ಮಗು. ಭಾಸನಿಗೂ ಸಾಫೋಕ್ಲೀಸನಿಗೂ ಕೊಡುಕೊಳ್ಳುವಿಕೆ ಇತ್ತೆಂದು ಸಾಧಿಸುವ ಗೋಜಿಗೆ ಹೋಗಬೇಕಿಲ್ಲ. ಇಲ್ಲಿ ಕೇಳಬೇಕಾದದ್ದು, ಎರಡು ರಂಗಭೂಮಿಗಳು ವೀರನ ಪತನವನ್ನು ತೋರಿಸಲು ಮಗುವನ್ನೇ ಯಾಕೆ ತಂದವು, ಮಗುವಿನ ಎದುರು ಆ ತಂದೆ ಏನನ್ನು ಬಚ್ಚಿಡುತ್ತಾನೆ, ಏನನ್ನು ಒಪ್ಪಿಸುತ್ತಾನೆ ಎಂಬುದು. ಇದು ಒಂದು ಬಗೆಯ ಹೋಲಿಕೆ.

ಇದೇ ವಸ್ತುವಿನಲ್ಲಿ ಇನ್ನೊಂದು ಬಗೆಯದೂ ಸಿಗುತ್ತದೆ. ಬಿ.ಎಂ. ಶ್ರೀಕಂಠಯ್ಯನವರು ಏಜಾಕ್ಸನ ಚೌಕಟ್ಟನ್ನು ಮಹಾಭಾರತಕ್ಕೆ ತಂದು 1929ರಲ್ಲಿ ‘ಅಶ್ವತ್ಥಾಮನ್’ ನಾಟಕ ಬರೆದರು. ಇಲ್ಲಿ ಪ್ರಭಾವವನ್ನು ಊಹಿಸಬೇಕಿಲ್ಲ, ಅದು ಬರೆದವರ ಉದ್ದೇಶವೇ ಆಗಿತ್ತು. ಹಾಗಿದ್ದ ಮೇಲೆ ಪ್ರಶ್ನೆ ಬೇರೆಯಾಗುತ್ತದೆ. ಗ್ರೀಕ್ ವೀರನ ಆತ್ಮಹತ್ಯೆಯನ್ನು, ಚಿರಂಜೀವಿ ಎಂದು ಪುರಾಣ ಹೇಳುವ ಅಶ್ವತ್ಥಾಮನ ಮೇಲೆ ಕೂರಿಸಿದಾಗ ಏನು ಬಿರುಕು ಬಿಡುತ್ತದೆ? ಅದರ ಜತೆ ರನ್ನನನ್ನೂ ತರಬಹುದು. ಗದಾಯುದ್ಧದಲ್ಲಿ ಕವಿಯ ಆಶ್ರಯದಾತ ಸತ್ಯಾಶ್ರಯನೇ ಭೀಮ, ಕಾವ್ಯದ ಅಧಿಕೃತ ನಾಯಕನೂ ಅವನೇ. ಆದರೂ ರಣರಂಗದ ಹೆಣಗಳ ನಡುವೆ ತನ್ನವರನ್ನು ಹುಡುಕುತ್ತ ನಡೆಯುವ ದುರ್ಯೋಧನನ ಕಡೆಗೆ ಕಾವ್ಯದ ಮನಸ್ಸು ವಾಲುತ್ತದೆ. ಅರಮನೆಗೆ ಸಲ್ಲಬೇಕಾದ ಕಪ್ಪ ಒಂದು ಕಡೆ, ಕವಿಯ ಕರುಣೆ ಇನ್ನೊಂದು ಕಡೆ. ಮುಕ್ಕಾಲು ಗಂಟೆಯಲ್ಲಿ ಬರೆಯಬೇಕಾದ ಉತ್ತರಕ್ಕೆ ಇಷ್ಟು ಸಾಮಗ್ರಿ ಧಾರಾಳ. ಇದರಲ್ಲಿ ಊರುಭಂಗವನ್ನು ಸಂಸ್ಕೃತದಲ್ಲಿ ಓದಿರಬೇಕು, ಗ್ರೀಕ್ ಬರಬೇಕು ಎಂದು ಯಾವ ಪರೀಕ್ಷಕರೂ ಪ್ರವೇಶದ ಹಂತದಲ್ಲಿ ನಿರೀಕ್ಷಿಸುವುದಿಲ್ಲ. ಒಂದನ್ನಾದರೂ ಮೂಲದಲ್ಲಿ ಓದಿ, ಉಳಿದವನ್ನು ಅನುವಾದದಲ್ಲಿ ಓದಿದ್ದೇನೆ ಎಂದು ಪ್ರಾಮಾಣಿಕವಾಗಿ ತೋರಿಸಿಕೊಂಡರೆ ಸಾಕು.

ಜಿಲ್ಲಾ ಕಾಲೇಜಿನ ಕನ್ನಡ ವಿದ್ಯಾರ್ಥಿಗಳು ತಮ್ಮಲ್ಲಿ ಏನೂ ಇಲ್ಲ ಎಂದುಕೊಳ್ಳುವುದು ಇಲ್ಲೇ. ನಿಜ ಹೇಳಬೇಕೆಂದರೆ ಅವರ ಕೈಯಲ್ಲಿರುವ ಬಂಡವಾಳ ಇಂಗ್ಲಿಷ್ ಒಂದನ್ನೇ ಓದಿದವರಲ್ಲಿ ಇರುವುದಿಲ್ಲ. ಕವಿರಾಜಮಾರ್ಗವನ್ನು ಬಿ.ಎ. ಎರಡನೇ ವರ್ಷದಲ್ಲಿ ಗದ್ಯಾನುವಾದದ ಸಹಾಯದಿಂದ ಓದಿ ಮರೆತುಬಿಡುವ ವಿದ್ಯಾರ್ಥಿಗೆ, ಅದಕ್ಕೆ ಆಧಾರವಾದ ದಂಡಿಯ ಕಾವ್ಯಾದರ್ಶವೇ ಸಿಂಹಳದಲ್ಲಿ ಸಿಯಬಸ್‌ಲಕರ ಆಯಿತು, ತಮಿಳಿನಲ್ಲಿ ದಂಡಿಯಲಂಕಾರಂ ಆಯಿತು, 13ನೇ ಶತಮಾನದಲ್ಲಿ ಟಿಬೆಟನ್ ಭಾಷೆಗೂ ಹೋಯಿತು ಎಂದು ಯಾರಾದರೂ ಹೇಳಿದರೆ ಸಾಕು, ಒಂದು ಇಡೀ ಏಷ್ಯಾದ ನಕಾಶೆ ತೆರೆಯುತ್ತದೆ. ಶೆಲ್ಡನ್ ಪೊಲಾಕ್ 2006ರಲ್ಲಿ ಪ್ರಕಟಿಸಿದ, ಸಂಸ್ಕೃತ ಮತ್ತು ದೇಶಭಾಷೆಗಳ ಸಂಬಂಧದ ಬೃಹತ್ ಗ್ರಂಥದಲ್ಲಿ ಕನ್ನಡಕ್ಕೆ ದೊಡ್ಡ ಪಾಲು ಸಿಕ್ಕಿರುವುದು ಈ ಕಾರಣಕ್ಕೇ. ಮೈಸೂರಿನ ಎ.ಕೆ. ರಾಮಾನುಜನ್ ಬರೆದ ರಾಮಾಯಣಗಳ ಪ್ರಬಂಧದಲ್ಲಿ ವಾಲ್ಮೀಕಿ, ಕಂಬ, ಜೈನ ವಿಮಲಸೂರಿ, ಥಾಯ್ ರಾಮಕೀರ್ತಿಗಳ ಸಾಲಿನಲ್ಲೇ ಕನ್ನಡದ ಒಂದು ಜನಪದ ಕಥೆ ಕೂತಿದೆ. ಅದರಲ್ಲಿ ರಾವುಳ, ಅಂದರೆ ರಾವಣ, ಬಸಿರಾಗಿ, ಸೀನಿದಾಗ ಸೀತೆ ಹುಟ್ಟುತ್ತಾಳೆ. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಇತಿಹಾಸದ ಪಠ್ಯದಿಂದ ಆ ಪ್ರಬಂಧವನ್ನು ಕಿತ್ತುಹಾಕಿದ ಗಲಾಟೆ ಅದನ್ನು ಇನ್ನಷ್ಟು ಓದಿಸಿತು. ತೌಲನಿಕ ಸಾಹಿತ್ಯದ ಪರೀಕ್ಷೆಗೆ ಹೊರಟವರು ಒಂದೇ ಒಂದು ಪ್ರಬಂಧ ಓದಲು ಸಮಯವಿದೆ ಎಂದರೆ ಇದನ್ನು ಓದಬಹುದು.

ಪುಸ್ತಕಗಳ ಪಟ್ಟಿ ಉದ್ದ ಮಾಡುವ ಚಪಲ ಎಲ್ಲ ಮಾರ್ಗದರ್ಶಕರಿಗೂ ಇರುತ್ತದೆ. ಆರು ತಿಂಗಳಲ್ಲಿ ಓದಿ ಮುಗಿಸಬಹುದಾದದ್ದು ಕೆಲವೇ. ಕಾವ್ಯಮೀಮಾಂಸೆಗೆ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’, ಪೂರ್ವಪಶ್ಚಿಮಗಳನ್ನು ಜತೆಗಿಟ್ಟು ನೋಡಲು ಜಿ.ಎಸ್. ಶಿವರುದ್ರಪ್ಪನವರ ‘ಕಾವ್ಯಾರ್ಥ ಚಿಂತನ’ ಕನ್ನಡದಲ್ಲೇ ಇವೆ. ಇವನ್ನು ಕನ್ನಡದಲ್ಲಿ ಗಟ್ಟಿಮಾಡಿಕೊಂಡು, ಪರಿಭಾಷೆಯ ಇಂಗ್ಲಿಷ್ ರೂಪಗಳನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತ ಹೋದರೆ ಗೈಡು ಉರು ಹೊಡೆಯುವುದಕ್ಕಿಂತ ಹೆಚ್ಚು ನಿಲ್ಲುತ್ತದೆ. ಭಾರತದ ಚರ್ಚೆಗೆ ಅಮಿಯ ದೇವ್ ಮತ್ತು ಶಿಶಿರಕುಮಾರ ದಾಸ್ ಸಂಪಾದಿಸಿ 1989ರಲ್ಲಿ ಶಿಮ್ಲಾದಿಂದ ಬಂದ ಸಂಕಲನ, ಸಾಹಿತ್ಯ ಅಕಾಡೆಮಿಗಾಗಿ ದಾಸ್ ಬರೆದ ಭಾರತೀಯ ಸಾಹಿತ್ಯ ಚರಿತ್ರೆಯ ಸಂಪುಟಗಳು ಸಾಕು. ಆ ಸಂಪುಟಗಳ ಕೊನೆಯಲ್ಲಿರುವ ವರ್ಷವಾರು ಪಟ್ಟಿಯನ್ನು ತಿರುವಿದರೆ, ಕನ್ನಡದಲ್ಲಿ ಒಂದು ಕೃತಿ ಬಂದ ಕಾಲಕ್ಕೆ ಮರಾಠಿಯಲ್ಲಿ, ಒಡಿಯದಲ್ಲಿ, ಉರ್ದುವಿನಲ್ಲಿ ಏನು ಬರುತ್ತಿತ್ತು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ.

ಅನುವಾದಗಳ ಓದನ್ನು ಪರೀಕ್ಷಾರ್ಥಿಗಳು ಕಡೆಗಣಿಸುತ್ತಾರೆ. ಇದು ತಪ್ಪು. ಬುದ್ಧದೇವ ಬಸು ಬಂಗಾಳಿಗೆ ತಂದ ಬೋದಿಲೇರ್ ಕನ್ನಡಕ್ಕೆ ಪಿ. ಲಂಕೇಶರ ‘ಪಾಪದ ಹೂಗಳು’ ಆಗಿ ಬಂದ. ಒಬ್ಬನೇ ಫ್ರೆಂಚ್ ಕವಿ, ಎರಡು ಭಾರತೀಯ ಭಾಷೆಗಳಲ್ಲಿ ಎರಡು ನವ್ಯ ಮನಸ್ಸುಗಳಿಗೆ ಯಾಕೆ ಬೇಕಾದ? ಸ್ವೀಕಾರದ ಅಧ್ಯಯನ ಎಂದು ಸಿಲೆಬಸ್ಸಿನಲ್ಲಿ ಬರೆದಿರುವುದು ಇಂಥದ್ದನ್ನೇ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಅಕ್ಷರ ಪ್ರಕಾಶನದ ಮೂಲಕ, ನೀನಾಸಂ ರಂಗಭೂಮಿ ಮತ್ತು ಶಿಬಿರಗಳ ಮೂಲಕ ಹಳ್ಳಿಗೆ ತಂದ ವಿಶ್ವಸಾಹಿತ್ಯ ಯಾವ ಎಂ.ಎ. ಪಠ್ಯಕ್ಕೂ ಕಡಿಮೆಯದಲ್ಲ. ಅದನ್ನು ಕಂಡು ಬೆಳೆದವರಿಗೆ ಬ್ರೆಕ್ಟ್, ಶೇಕ್ಸ್‌ಪಿಯರ್, ಶೂದ್ರಕ ಒಂದೇ ರಂಗದ ಮೇಲೆ ಇರುವುದು ಹೊಸ ಸುದ್ದಿಯಲ್ಲ.

ಇಷ್ಟೆಲ್ಲ ಸಿದ್ಧತೆಯ ಆಚೆಗೆ ಒಂದು ಲೌಕಿಕ ಪ್ರಶ್ನೆ ಉಳಿಯುತ್ತದೆ. ಮನೆಯಲ್ಲಿ ಅಪ್ಪಅಮ್ಮ ಮೊದಲು ಕೇಳುವುದೂ ಅದನ್ನೇ: ಓದಿ ಆಮೇಲೇನು? ಯುಜಿಸಿ-ನೆಟ್‌ನಲ್ಲಿ ತೌಲನಿಕ ಸಾಹಿತ್ಯ ಪ್ರತ್ಯೇಕ ವಿಷಯ, ಅದರ ಸಂಕೇತ ಸಂಖ್ಯೆ 72, ಕನ್ನಡದ್ದು 11. ಅಲ್ಲಿ 150 ಪ್ರಶ್ನೆ, 300 ಅಂಕ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಎಂ.ಎ. ಮಾಡಿದ ವಿಷಯದಲ್ಲೇ ನೆಟ್ ಬರೆಯಬೇಕೆಂಬ ನಿಯಮ ಇರುವುದರಿಂದ ತೌಲನಿಕ ಸಾಹಿತ್ಯದ ಎಂ.ಎ. ಪಡೆದವರು ಆ ಪತ್ರಿಕೆಗೇ ಕೂರುತ್ತಾರೆ. ಪಾಸಾದ ಮೇಲೆ ನೋಡಿದರೆ ಕರ್ನಾಟಕದ ಪದವಿ ಕಾಲೇಜುಗಳ ಹುದ್ದೆಗಳು ಕನ್ನಡ, ಇಂಗ್ಲಿಷ್, ಹಿಂದಿ ಎಂದು ಭಾಷೆಯ ಹೆಸರಲ್ಲಿ ಕರೆಯಲ್ಪಡುತ್ತವೆ. ತೌಲನಿಕ ಸಾಹಿತ್ಯದ ಪದವಿಯನ್ನು ಇಂಗ್ಲಿಷಿಗೆ ಸಮಾನವೆಂದು ಎಣಿಸುತ್ತಾರೋ ಇಲ್ಲವೋ ಎಂಬುದು ಒಂದೊಂದು ಅಧಿಸೂಚನೆಯಲ್ಲಿ ಒಂದೊಂದು ಥರ. ಪ್ರವೇಶ ಪರೀಕ್ಷೆಯ ಮಾಹಿತಿ ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಹಳೆಯ ನೇಮಕಾತಿ ಅಧಿಸೂಚನೆಗಳನ್ನೂ ಓದಿಕೊಂಡ ಜಾಣರು ಇದಕ್ಕೆ ತಮ್ಮದೇ ಉಪಾಯ ಹೂಡಬಹುದು: ಮೊದಲು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಎಂ.ಎ. ಮುಗಿಸಿ, ಅದರ ನೆಟ್ ಕೈಯಲ್ಲಿಟ್ಟುಕೊಂಡು, ಸಂಶೋಧನೆಗೆಂದು ಹೈದರಾಬಾದಿಗೋ ಜಾದವಪುರಕ್ಕೋ ಅರ್ಜಿ ಹಾಕುವುದು. ಆಗ ಎದುರಿಸಬೇಕಾದದ್ದು ಎಂ.ಎ. ಪ್ರವೇಶವಲ್ಲ, ಪಿಎಚ್.ಡಿ. ಸಂದರ್ಶನ. ಅಲ್ಲಿ ಕೂತವರು ಕೇಳುವುದು 1827, 1886ಗಳನ್ನಲ್ಲ. ಯಾವ ಎರಡು ಭಾಷೆಗಳಲ್ಲಿ, ಯಾವ ಕೃತಿಗಳನ್ನು, ಯಾಕೆ ಜತೆಗಿಟ್ಟು ಓದುತ್ತೀರಿ ಎಂದು.